ಅತಿಮಾನವರೇ, ಹೊರಗೆ ಬನ್ನಿ, ಯಾರೂ ಏನೂ ಅನ್ನಲ್ಲ

ಇಂದಿನ ನಗರಗಳಲ್ಲೇ ಮಾಟಮಂತ್ರ ನಡೆಯುವ ಅರ್ಬನ್ ಫ್ಯಾಂಟಸಿ ಕಥೆಗಳನ್ನು ನಂಬುವುದಾದರೆ, ನಮ್ಮ ಅಕ್ಕಪಕ್ಕದಲ್ಲೇ ಅತಿಮಾನವರು ತುಂಬಿಕೊಂಡಿದ್ದಾರೆ. ಲಿಫ್ಟಿನಲ್ಲಿ ಮೂಲೆಗೆ ನಿಂತು ಕೆಮ್ಮಿದವನು ಮುನ್ನೂರು ವರ್ಷದ ರಕ್ತಪಿಶಾಚಿ. ಲೈಬ್ರರಿಯಲ್ಲಿ ಪುಸ್ತಕಕ್ಕೆ ಸೀಲು ಒತ್ತುವಾಕೆ ಮಾಟಗಾತಿ. ರಾತ್ರಿ ಪಾಳಿಯ ಸೆಕ್ಯುರಿಟಿ ಗಾರ್ಡ್ ತಪ್ಪದೆ ಹುಣ್ಣಿಮೆಗೇ ರಜೆ ಕೇಳುತ್ತಾನೆ, ಯಾಕಪ್ಪಾ ಅಂತ ಯಾರೂ ವಿಚಾರಿಸುವುದಿಲ್ಲ. ಇವರೆಲ್ಲ ಹಾರುತ್ತಾರೆ, ಗೋಡೆಯೊಳಗೆ ನುಸುಳುತ್ತಾರೆ, ಎದುರಿಗೆ ಕೂತವರ ಮನಸ್ಸು ಓದುತ್ತಾರೆ. ಅಷ್ಟೆಲ್ಲ ಬಂದರೂ ಬೆಳಿಗ್ಗೆ ಎದ್ದು ಬಸ್ಸು ಹಿಡಿದು ಕೆಲಸಕ್ಕೆ ಹೋಗುತ್ತಾರೆ.

ಯಾಕೆ ಅಂದರೆ ಅವರಿಗೊಂದು ನಿಯಮವಿದೆ. ಸಾಮಾನ್ಯ ಜನರಿಗೆ ಇದು ಗೊತ್ತಾಗಬಾರದು. 1991ರಲ್ಲಿ ರಕ್ತಪಿಶಾಚಿಗಳ ಬಗ್ಗೆ ಬಂದ ಒಂದು ರೋಲ್ ಪ್ಲೇಯಿಂಗ್ ಆಟ, ಅಂದರೆ ಆಡುವವರೇ ಪಾತ್ರಗಳಾಗುವ ಆಟ, ಈ ನಿಯಮಕ್ಕೆ 'ಮಾಸ್ಕರೇಡ್' (ಮುಖವಾಡದ ವೇಷ) ಅಂತ ಹೆಸರಿಟ್ಟಿತು. ಇವತ್ತಿಗೂ ಅಭಿಮಾನಿಗಳ ಬಾಯಲ್ಲಿ ಅದೇ ಹೆಸರು. ನಿಯಮ ಕಾಯಲು ಹಿರಿಯರ ಮಂಡಳಿಯೊಂದು ಇರುತ್ತದೆ. ಅದು ಯಾವಾಗಲೂ ನೆಲಮಾಳಿಗೆಯಲ್ಲೇ ಸೇರುತ್ತದೆ. ಎಲ್ಲರದೂ ಕಪ್ಪು ಕೋಟು. ಗೋಡೆಯ ಮೇಲೆ ಬಲ್ಬಿನ ಬದಲು ದೀವಟಿಗೆ, ಮೇಲಿನ ಮಹಡಿಯಲ್ಲಿ ಕರೆಂಟು ಇದ್ದರೂ! ಅಲ್ಲಿ ಒಬ್ಬ ಮುದುಕ ಗಂಭೀರವಾಗಿ ಹೇಳುತ್ತಾನೆ: ಮನುಷ್ಯರಿಗೆ ಸತ್ಯ ತಿಳಿದರೆ ಅವರು ತಡೆದುಕೊಳ್ಳಲಾರರು. ಬೀದಿಗಳು ಹೊತ್ತಿ ಉರಿಯುತ್ತವೆ. ನಾಗರಿಕತೆ ಕುಸಿದು ಬೀಳುತ್ತದೆ.

ನನ್ನ ತಕರಾರು ಇರುವುದು ಈ ಮುದುಕನ ಮಾತಿನ ಮೇಲೆ. ಮನುಷ್ಯ ಹಾರುತ್ತಾನೆ ಅಂದರೆ ನಂಬುತ್ತೇನೆ. ಕೈಯಿಂದ ಬೆಂಕಿ ಬರುತ್ತದೆ ಅಂದರೂ ಸರಿ. ಆದರೆ ಅದನ್ನು ಕಂಡು ಜನ ಕೆಲಸಬೊಗಸೆ ಬಿಟ್ಟು ತಲೆಕೆಡಿಸಿಕೊಳ್ಳುತ್ತಾರೆ ಅಂತೀರಲ್ಲ, ಅಲ್ಲಿ ಮಾತ್ರ ಕಥೆ ತೀರಾ ಅತಿಯಾಯಿತು.

ಜನ ಹೀಗೆ ಹೆದರಿ ಓಡುತ್ತಾರೆ ಎನ್ನುವುದಕ್ಕೆ ಎಲ್ಲರೂ ಕೊಡುವ ಸಾಕ್ಷಿ 1938ರ ಅಕ್ಟೋಬರ್ 30ರದು. ಅಂದು ಅಮೆರಿಕದ ರೇಡಿಯೋದಲ್ಲಿ ಮಂಗಳ ಗ್ರಹದವರ ದಾಳಿಯ ನಾಟಕ ಬಂತು. ದೇಶಕ್ಕೆ ದೇಶವೇ ಬೀದಿಗೆ ಬಿತ್ತು ಅಂತ ಮರುದಿನ ಪತ್ರಿಕೆಗಳು ಬರೆದವು. ಆಮೇಲೆ ಇತಿಹಾಸಕಾರರು ಕೆದಕಿದಾಗ ಗೊತ್ತಾಗಿದ್ದೇ ಬೇರೆ. ಅಲ್ಲಲ್ಲಿ ಕೆಲವರು ಹೆದರಿದ್ದು ನಿಜ, ಆದರೆ ಬಹುಪಾಲು ಜನ ಆ ನಾಟಕವನ್ನು ಕೇಳಿರಲೇ ಇಲ್ಲ. ಆ ಹೊತ್ತಿನ ಜನಪ್ರಿಯ ಕಾರ್ಯಕ್ರಮ ಇನ್ನೊಂದು ಸ್ಟೇಷನ್ನಿನಲ್ಲಿತ್ತು. ಅದು ಮಾತನಾಡುವ ಗೊಂಬೆಯ ಆಟ. ರೇಡಿಯೋದಲ್ಲಿ ಮಾತನಾಡುವ ಗೊಂಬೆ! ಆಡಿಸುವವನ ತುಟಿ ಅಲ್ಲಾಡಿತೋ ಇಲ್ಲವೋ ಯಾರಿಗೂ ಕಾಣದ ಆಟ. ಭೂಮಿಯ ಮೇಲೆ ದಾಳಿ ನಡೆಯುವಾಗ ಜನ ಅದನ್ನು ಕೇಳಿ ನಗುತ್ತಾ ಕೂತಿದ್ದರು. ಇಂಥವರಿಂದ ಹಿರಿಯರ ಮಂಡಳಿಗೆ ಭಯವಂತೆ.

ಹಳೆಯ ಕಥೆ ಬೇಡ ಅಂದರೆ ಇತ್ತೀಚಿನದು ತೆಗೆದುಕೊಳ್ಳಿ. 2020ರ ಏಪ್ರಿಲ್ 27ರಂದು ಅಮೆರಿಕದ ರಕ್ಷಣಾ ಇಲಾಖೆ ಮೂರು ವಿಡಿಯೋಗಳನ್ನು ಅಧಿಕೃತವಾಗಿ ಬಿಡುಗಡೆ ಮಾಡಿತು. ನೌಕಾಪಡೆಯ ವಿಮಾನದ ಕ್ಯಾಮೆರಾಗಳಿಗೆ ಸಿಕ್ಕ, ಏನೆಂದು ಗುರುತಿಸಲಾಗದ ವಸ್ತುಗಳು. ಇದೇನು ಅಂತ ನಮಗೂ ಗೊತ್ತಿಲ್ಲ ಎಂದು ಸರ್ಕಾರವೇ ಹೇಳಿತು. ಆಗ ಅರ್ಧ ಲೋಕ ಲಾಕ್‌ಡೌನಿನಲ್ಲಿ ಮನೆಯಲ್ಲೇ ಕೂತಿತ್ತು, ಹೆದರಲು ಬೇಕಾದಷ್ಟು ಪುರುಸೊತ್ತಿತ್ತು. ಜನ ನೋಡಿದರು, ಒಂದೆರಡು ಜೋಕ್ ಫಾರ್ವರ್ಡ್ ಮಾಡಿದರು, ಮುಂದಿನ ವಿಡಿಯೋಗೆ ಹೋದರು.

ಇನ್ನು ವೇಷದ ವಿಚಾರ. ಹಗಲು ಪೆದ್ದ, ರಾತ್ರಿ ವೀರ ಎಂಬ ಆಟವನ್ನು ಜನಪ್ರಿಯ ಮಾಡಿದ್ದು 1905ರ ಒಂದು ಇಂಗ್ಲಿಷ್ ಕಾದಂಬರಿ. ಅದರ ನಾಯಕ ಊರೆಲ್ಲ ನಗುವಷ್ಟು ಶೋಕಿಯ ಶ್ರೀಮಂತ, ಮರೆಯಲ್ಲಿ ಫ್ರಾನ್ಸಿನವರನ್ನು ತಲೆ ಕಡಿಯುವ ಗಿಲೋಟಿನ್ ಯಂತ್ರದಿಂದ ಪಾರುಮಾಡುವ ಸಾಹಸಿ. 1938ರ ಜೂನ್ ತಿಂಗಳ ಒಂದು ಕಾಮಿಕ್ಸ್ ಸಂಚಿಕೆಯಲ್ಲಿ ಸೂಪರ್‌ಮ್ಯಾನ್ ಬಂದಮೇಲೆ ಖರ್ಚು ಇನ್ನೂ ಕಡಿಮೆಯಾಯಿತು. ಒಂದು ಕನ್ನಡಕ ಸಾಕು. ಇದು ನಿಜಕ್ಕೂ ನಡೆಯುತ್ತದಾ ಅಂತ ಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪರೀಕ್ಷೆ ಮಾಡಿಯೇಬಿಟ್ಟರು. ಎರಡು ಫೋಟೋ ತೋರಿಸಿ ಇಬ್ಬರೂ ಒಬ್ಬರೇನಾ ಅಂತ ಕೇಳಿದರು. ಎರಡರಲ್ಲೂ ಕನ್ನಡಕ ಇದ್ದಾಗ, ಅಥವಾ ಎರಡರಲ್ಲೂ ಇಲ್ಲದಾಗ, ಜನ ಸುಮಾರು 80 ಶೇಕಡಾ ಸಲ ಸರಿ ಹೇಳಿದರು. ಒಂದರಲ್ಲಿ ಮಾತ್ರ ಕನ್ನಡಕ ಇದ್ದಾಗ ಅದು 74ಕ್ಕೆ ಇಳಿಯಿತು. ಅಂದರೆ ಇಡೀ ಲೋಕದ ರಕ್ಷಣೆ ನಿಂತಿರುವುದು ಈ ಆರರ ಮೇಲೆ. ಅದೂ ಮೊದಲ ಸಲ ನೋಡುವ ಮುಖಗಳ ಲೆಕ್ಕ. ಪಕ್ಕದ ಮೇಜಿನಲ್ಲಿ ವರ್ಷಗಟ್ಟಲೆ ಕೂತವರಿಗೆ ಗುರುತು ಸಿಗುವುದಿಲ್ಲ ಅಂದರೆ ಅದು ಕನ್ನಡಕದ ಮಹಿಮೆಯಲ್ಲ, ಪಕ್ಕದವರ ಮಹಿಮೆ.

ಪಕ್ಕದವರ ಈ ಮಹಿಮೆಯನ್ನೂ ಅಳೆದಿದ್ದಾರೆ. 1998ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದು. ಒಬ್ಬಾತ ದಾರಿಹೋಕರನ್ನು ನಿಲ್ಲಿಸಿ ವಿಳಾಸ ಕೇಳುತ್ತಾನೆ. ಅವರು ಹೇಳುತ್ತಿರುವಾಗಲೇ ಇಬ್ಬರು ಒಂದು ಬಾಗಿಲು ಹೊತ್ತುಕೊಂಡು ಮಧ್ಯೆ ಹಾದುಹೋಗುತ್ತಾರೆ. ಆ ಮರೆಯಲ್ಲಿ ವಿಳಾಸ ಕೇಳುತ್ತಿದ್ದವನು ಹೋಗಿ ಬೇರೊಬ್ಬ ಬಂದು ನಿಲ್ಲುತ್ತಾನೆ. ಎತ್ತರ ಬೇರೆ, ದನಿ ಬೇರೆ, ಬಟ್ಟೆ ಬೇರೆ. ಹೆಚ್ಚುಕಡಿಮೆ ಅರ್ಧದಷ್ಟು ಜನ ಏನೂ ಆಗಿಲ್ಲವೆಂಬಂತೆ ಮುಂದಿನ ತಿರುವು ಯಾವುದೆಂದು ಹೇಳುತ್ತಾ ಹೋದರು. ಮಂಡಳಿಯವರು ಜ್ಞಾಪಕ ಅಳಿಸುವ ಮಂತ್ರಕ್ಕೆ ಇಷ್ಟೆಲ್ಲ ಒದ್ದಾಡುತ್ತಾರಲ್ಲ, ಒಂದು ಬಾಗಿಲು ಸಾಕಾಗುತ್ತಿತ್ತು.

ಅಂದಹಾಗೆ ಈ ಜ್ಞಾಪಕ ಅಳಿಸುವ ಇಲಾಖೆಯ ಬಗ್ಗೆ ನನಗೆ ವಿಶೇಷ ಕನಿಕರ. ಕಥೆಯಲ್ಲಿ ನಾಯಕ, ಖಳನಾಯಕ ಇಬ್ಬರೂ ಆರು ಕಟ್ಟಡ ಕೆಡವಿ ಸೇತುವೆ ಮುರಿದು ಮುಂದಿನ ಅಧ್ಯಾಯಕ್ಕೆ ಹೋಗಿಬಿಡುತ್ತಾರೆ. ಹಿಂದಿನಿಂದ ಈ ಇಲಾಖೆಯವರು ಬಂದು 'ಗ್ಯಾಸ್ ಸೋರಿಕೆ' ಅಂತ ಹೇಳಿ ಹೋಗುತ್ತಾರೆ. ಅಲ್ಲಿನ ಗ್ಯಾಸ್ ಕಂಪನಿ ಇಷ್ಟು ವರ್ಷ ಹೇಗೆ ಮುಚ್ಚದೆ ಉಳಿಯಿತು ಅನ್ನುವುದೇ ನನಗೆ ದೊಡ್ಡ ಪವಾಡ. ಫೋನುಗಳಿಲ್ಲದ ಕಾಲದಲ್ಲಿ ಕೆಲಸ ಹೇಗೋ ಸಾಗುತ್ತಿತ್ತು. ನೋಡಿದವರು ಮೂರು ಜನ, ಮೂರು ಸಲ ಚಿಟಿಕೆ ಹೊಡೆದರೆ ಮುಗಿಯಿತು. ಈಗ? ನೋಡಿದವನ ತಲೆಯಿಂದ ಅಳಿಸಬೇಕು, ಫೋನಿನಿಂದ ಅಳಿಸಬೇಕು, ಕ್ಲೌಡ್ ಬ್ಯಾಕಪ್ಪಿನಿಂದ ಅಳಿಸಬೇಕು, ಕುಟುಂಬದ ವಾಟ್ಸಾಪ್ ಗುಂಪಿನಿಂದ ಅಳಿಸಬೇಕು. ಕೊನೆಯದಕ್ಕೆ ಯಾವ ಮಂತ್ರವೂ ನಾಟುವುದಿಲ್ಲ. ಇವತ್ತು ಅಳಿಸಿದ ವಿಡಿಯೋವನ್ನು ಎರಡು ವರ್ಷ ಬಿಟ್ಟು ಯಾರೋ ದೊಡ್ಡಪ್ಪ 'ನಿನ್ನೆಯ ಘಟನೆ' ಅಂತ ಮತ್ತೆ ಕಳಿಸುತ್ತಾರೆ.

2013ರ ಫೆಬ್ರುವರಿ 15ರ ಬೆಳಿಗ್ಗೆ ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಸುಮಾರು 20 ಮೀಟರ್ ಅಗಲದ ಉಲ್ಕೆ ಸಿಡಿಯಿತು. ಮುನ್ಸೂಚನೆ ಇರಲಿಲ್ಲ. ಆದರೂ ಎಷ್ಟೋ ಕಾರುಗಳ ಡ್ಯಾಶ್‌ಕ್ಯಾಮ್‌ಗಳು ಅದನ್ನು ಹಿಡಿದಿಟ್ಟವು. ಕೆಲವೇ ಸೆಕೆಂಡಿನ ಬೆಳಕು ಇಷ್ಟು ಕೋನಗಳಿಂದ ಸಿಕ್ಕಿತು ಅಂದಮೇಲೆ, ಪ್ರತಿ ರಾತ್ರಿ ಗಗನಚುಂಬಿಯ ತುದಿಯಲ್ಲಿ ಕೋಟು ಹಾರಿಸುತ್ತಾ ನಿಲ್ಲುವವನು ಯಾರ ಕಣ್ಣಿಗೂ ಬೀಳಲಿಲ್ಲ ಅಂದರೆ ನಗಬೇಕೋ ಅಳಬೇಕೋ? ಇನ್ನೊಂದು ಮಾತು. ಅಂದು ಗಾಯಗೊಂಡ ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ ಬಹಳಷ್ಟು ಜನರಿಗೆ ತಗುಲಿದ್ದು ಕಿಟಕಿಯ ಗಾಜು. ಬೆಳಕು ಕಂಡು ಏನಿದು ಅಂತ ನೋಡಲು ಕಿಟಕಿಗೆ ಬಂದಿದ್ದರು, ಹಿಂದೆಯೇ ಸದ್ದಿನ ಅಲೆ ಬಂದು ಗಾಜು ಒಡೆಯಿತು. ಆಕಾಶವೇ ಸಿಡಿದಾಗಲೂ ಮನುಷ್ಯ ಮಂಚದ ಕೆಳಗೆ ಹೋಗುವುದಿಲ್ಲ, ಕಿಟಕಿಗೆ ಹೋಗುತ್ತಾನೆ.

ಗುಟ್ಟಿನ ಲೆಕ್ಕವನ್ನೂ ಒಬ್ಬರು ಹಾಕಿದ್ದಾರೆ. ಆಕ್ಸ್‌ಫರ್ಡಿನ ಭೌತವಿಜ್ಞಾನಿ ಡೇವಿಡ್ ರಾಬರ್ಟ್ ಗ್ರೈಮ್ಸ್ 2016ರಲ್ಲಿ ದೊಡ್ಡ ದೊಡ್ಡ ಸಂಚುಗಳು ಎಷ್ಟು ದಿನ ಬಾಳುತ್ತವೆ ಅಂತ ಸೂತ್ರ ಕಟ್ಟಿದರು. ಗುಟ್ಟು ಐದು ವರ್ಷ ಉಳಿಯಬೇಕಾದರೆ ಬಲ್ಲವರು 2,521ಕ್ಕಿಂತ ಜಾಸ್ತಿ ಇರಬಾರದು. ನೂರು ವರ್ಷ ಉಳಿಯಬೇಕಾದರೆ 125ಕ್ಕಿಂತ ಕಡಿಮೆ ಇರಬೇಕು. ಈಗ ಯಾವುದಾದರೂ ಒಂದು ಸರಣಿಯ ಮೊದಲ ಭಾಗ ತೆಗೆದು ಎಣಿಸಿ. ಏಳು ಕುಲ, ಪ್ರತಿ ಕುಲಕ್ಕೆ ದಾಯಾದಿಗಳು, ಕೇಳದೆ ಹೊಲಿಗೆ ಹಾಕುವ ಡಾಕ್ಟರು, ಎಲ್ಲ ಗೊತ್ತಿದ್ದೂ ಗ್ಲಾಸು ಒರೆಸುವ ಬಾರ್‌ನವನು, ಕಣ್ಣುಮುಚ್ಚಿಕೊಂಡ ಒಬ್ಬ ಪೊಲೀಸ್ ಅಧಿಕಾರಿ. ಸಾವಿರ ವರ್ಷ ಕಾಪಾಡಿದ ಈ ಗುಟ್ಟನ್ನು ನಾಯಕ ಮೂರನೇ ಅಧ್ಯಾಯದಲ್ಲಿ, ಪರಿಚಯವಾಗಿ ಎರಡು ದಿನ ಕಳೆಯದ ಹುಡುಗಿಗೆ ಮಳೆಯಲ್ಲಿ ನಿಂತು ಹೇಳಿಬಿಡುತ್ತಾನೆ. ಆಮೇಲೆ 'ಯಾರಿಗೂ ಹೇಳಬೇಡ' ಅನ್ನುತ್ತಾನೆ. ಅವಳಿಗೊಬ್ಬ ಗೆಳತಿ ಇರುತ್ತಾಳೆ.

ಕಾಗದಪತ್ರದ ವಿಷಯ ಎತ್ತಲೇಬಾರದು ಅಂದುಕೊಂಡಿದ್ದೆ. ಮುನ್ನೂರು ವರ್ಷದವನು ಬ್ಯಾಂಕಿನ ಫಾರ್ಮಿನಲ್ಲಿ ಹುಟ್ಟಿದ ದಿನಾಂಕ ಏನು ಬರೆಯುತ್ತಾನೆ? ಡ್ರಾಪ್‌ಡೌನ್ 1900ಕ್ಕೇ ನಿಂತುಬಿಡುತ್ತದೆ. ಕನ್ನಡಿಯಲ್ಲಿ ಕಾಣದವನು ಸೆಲ್ಫಿ ವೆರಿಫಿಕೇಷನ್ ಹೇಗೆ ಮುಗಿಸುತ್ತಾನೆ? ಬೆಳ್ಳಿ ಗುಂಡು, ಮರದ ಮೊಳೆ ಇವೆಲ್ಲ ಯಾಕೆ, ಒಂದು ಕೆವೈಸಿ ಸಾಕು ಇವರ ವಂಶವನ್ನೇ ಮುಗಿಸಲು. ಇಷ್ಟು ವರ್ಷ ಬದುಕಿದವನು ಮತ್ತೆ ಮತ್ತೆ ಹೈಸ್ಕೂಲಿಗೇ ಸೇರುವುದು ಮಾತ್ರ ನನಗೆ ಇಂದಿಗೂ ಬಗೆಹರಿದಿಲ್ಲ. ಅಮರತ್ವ ಸಿಕ್ಕವನು ಬೀಜಗಣಿತದ ಪರೀಕ್ಷೆಗೆ ಮರಳಿ ಹೋಗುತ್ತಾನಾ?

ಇದೆಲ್ಲ ತಮಾಷೆಯಾಯಿತು, ನಿಜವಾಗಿ ಅತಿಮಾನವರು ನಮ್ಮ ನಡುವೆ ಇದ್ದರೆ ಏನಾಗುತ್ತದೆ ಅಂತ ಕೇಳಿದರೆ, ಇದ್ದಾರೆ. ಏನಾಯಿತು ಅನ್ನುವುದೂ ಗೊತ್ತಿದೆ.

ಸ್ಕಾಟ್ಲೆಂಡಿನಲ್ಲಿ ಒಬ್ಬ ನಿವೃತ್ತ ನರ್ಸ್ ಇದ್ದಾರೆ. ಪಾರ್ಕಿನ್ಸನ್ ಕಾಯಿಲೆಯನ್ನು ಅವರು ವಾಸನೆಯಿಂದಲೇ ಹಿಡಿಯುತ್ತಾರೆ. ಇದಕ್ಕಿಂತ ದೊಡ್ಡ ಶಕ್ತಿ ಯಾವ ಕಥೆಯಲ್ಲಿದೆ ಹೇಳಿ. ಅವರು ಮುಖವಾಡ ಹಾಕಲಿಲ್ಲ, ನೆಲಮಾಳಿಗೆಗೆ ಹೋಗಲಿಲ್ಲ. 2012ರಲ್ಲಿ ಒಂದು ಉಪನ್ಯಾಸಕ್ಕೆ ಹೋಗಿ, ಎಲ್ಲರೆದುರು ಎದ್ದು ನಿಂತು, ಈ ಕಾಯಿಲೆಯ ವಾಸನೆಯನ್ನು ಪತ್ತೆಗೆ ಯಾಕೆ ಬಳಸುತ್ತಿಲ್ಲ ಅಂತ ವಿಜ್ಞಾನಿಯನ್ನೇ ಕೇಳಿದರು. ಬೀದಿಗಳು ಹೊತ್ತಿ ಉರಿದವಾ? ವಿಜ್ಞಾನಿ ಮೊದಲು ಅದನ್ನು ಮನಸ್ಸಿಗೇ ತೆಗೆದುಕೊಳ್ಳಲಿಲ್ಲ. ಆಮೇಲೆ ಅವರನ್ನು ಹುಡುಕಿ ಪರೀಕ್ಷೆ ಮಾಡಿದರು. 12 ಟೀಶರ್ಟುಗಳು, ಆರು ರೋಗಿಗಳದ್ದು, ಆರು ಆರೋಗ್ಯವಂತರದ್ದು. ನರ್ಸ್ ಆರು ರೋಗಿಗಳನ್ನೂ ಸರಿಯಾಗಿ ಹೇಳಿದರು, ಜೊತೆಗೆ ಒಬ್ಬ ಆರೋಗ್ಯವಂತನ ಅಂಗಿಗೂ ಅದೇ ವಾಸನೆ ಇದೆ ಅಂದರು. ಒಂದು ತಪ್ಪು ಅಂತ ವಿಜ್ಞಾನಿಗಳು ಬರೆದುಕೊಂಡರು. ಕೆಲವು ತಿಂಗಳ ಮೇಲೆ ಆ ಆರೋಗ್ಯವಂತನಿಗೂ ಪಾರ್ಕಿನ್ಸನ್ ಇದೆ ಅಂತ ಗೊತ್ತಾಯಿತು.

ಇನ್ನೊಂದು ಜಾತಿಯವರಿದ್ದಾರೆ. ಒಮ್ಮೆ ನೋಡಿದ ಮುಖವನ್ನು ವರ್ಷಗಳಾದರೂ ಮರೆಯದವರು. 2009ರಲ್ಲಿ ಇಂಥ ನಾಲ್ಕು ಮಂದಿಯ ಬಗ್ಗೆ ಸಂಶೋಧಕರು ಬರೆದರು, ಸೂಪರ್ ರೆಕಗ್ನೈಸರ್ ಅಂತ ಕರೆದರು. ಸೂಪರ್ ಅನ್ನುವ ಪದವೇ ಹೆಸರಿನಲ್ಲಿದೆ, ಇನ್ನೇನು ಬೇಕು? ಲಂಡನ್ ಪೊಲೀಸರು ಇವರದ್ದೇ ಒಂದು ತಂಡ ಕಟ್ಟಿದರು. ಕಥೆಯಾಗಿದ್ದರೆ ಇವರಿಗೆ ಕಪ್ಪು ಕೋಟು, ಬೈಕು, ಹಿನ್ನೆಲೆ ಸಂಗೀತ ಎಲ್ಲ ಸಿಗುತ್ತಿತ್ತು. ಸಿಕ್ಕಿದ್ದು ಕುರ್ಚಿ ಮತ್ತು ಮಸುಕು ಮಸುಕಾದ ಸಿಸಿಟಿವಿ ದೃಶ್ಯಗಳು. ಕನ್ನಡಕ ಹಾಕಿಕೊಂಡು ಇವರ ಎದುರಿಗೆ ಹೋಗಿ ನೋಡಿ, ಆಗ ಗೊತ್ತಾಗುತ್ತದೆ.

ಹಾಗಿದ್ದರೂ ಈ ಗುಟ್ಟಿನ ಕಥೆಗಳು ನಮಗೆ ಯಾಕೆ ಇಷ್ಟ? ಓದುವಾಗ ನಾವ್ಯಾರೂ ಬೀದಿಯಲ್ಲಿ ಕಿರುಚಿ ಓಡುವ ಗುಂಪಿನವರಾಗಿ ನಮ್ಮನ್ನು ಕಂಡುಕೊಳ್ಳುವುದಿಲ್ಲ. ನಾವು ಲಿಫ್ಟಿನಲ್ಲಿ ಕೆಮ್ಮಿದವನ ಪಕ್ಷ. ಬಾಸಿಗೆ ಗೊತ್ತಿಲ್ಲ ನಾನು ಯಾರು ಅಂತ, ಅನ್ನುವ ಸುಖ ಅದು. ಗುಟ್ಟಿಗೆ ಒಂದು ದೊಡ್ಡ ಅನುಕೂಲವಿದೆ: ಶಕ್ತಿ ಇದೆಯಾ ಅಂತ ತೋರಿಸಿಕೊಡಬೇಕಾದ ಗೊಡವೆಯೇ ಇಲ್ಲ.

ಆದ್ದರಿಂದ ನೆಲಮಾಳಿಗೆಯಲ್ಲಿರುವ ಹಿರಿಯರೇ, ಧೈರ್ಯವಾಗಿ ಹೊರಗೆ ಬನ್ನಿ. ಮೊದಲ ದಿನ ಎಲ್ಲರೂ ನಿಮ್ಮ ಜೊತೆ ಸೆಲ್ಫಿ ತೆಗೆದುಕೊಳ್ಳುತ್ತಾರೆ. ಎರಡನೇ ದಿನ ಇದು ಎಐ ವಿಡಿಯೋ ಅಂತ ಅರ್ಧ ಜನ ತೀರ್ಮಾನಿಸುತ್ತಾರೆ, ನೀವು ಎದುರಿಗೇ ನಿಂತಿದ್ದರೂ. ಮೂರನೇ ದಿನ ಕೆಳಗಿನ ಮನೆಯವರು ಬಂದು ರಾತ್ರಿ ಹನ್ನೊಂದರ ಮೇಲೆ ಟೆರೇಸಿನಲ್ಲಿ ಇಳಿಯಬೇಡಿ, ಮಗು ಏಳುತ್ತದೆ ಅನ್ನುತ್ತಾರೆ. ಹೇಗೂ ಹಾರುತ್ತೀರಲ್ಲ, ಸುಮ್ನೆ ಹೋಗಿ ಇದೊಂದು ಪಾರ್ಸೆಲ್ ಕೊಟ್ಟು ಬನ್ನಿ ಅಂತ ನೆಂಟರ ಫೋನು ಬರುತ್ತದೆ. ವಾರ ಕಳೆಯುವಷ್ಟರಲ್ಲಿ ಆಫೀಸಿನ ಎಚ್‌ಆರ್ ವಿಭಾಗದಿಂದ ಒಂದು ಮೇಲ್ ಬರುತ್ತದೆ. ಮನಸ್ಸು ಓದುವ ನಿಮ್ಮ ಸಾಮರ್ಥ್ಯ ನಮಗೆ ಹೆಮ್ಮೆಯ ವಿಷಯ, ಇನ್ನು ಮುಂದೆ ಗ್ರಾಹಕರ ದೂರುಗಳನ್ನು ನೀವೇ ನೋಡಿಕೊಳ್ಳಿ, ಸಂಬಳದ ಬಗ್ಗೆ ಮುಂದಿನ ವರ್ಷ ಮಾತನಾಡೋಣ.