ಜೆಲಟಿನ್ ಬದಲು ನಮ್ಮ ಅಡುಗೆಮನೆಯಲ್ಲಿ ಏನಿದೆ?

ಮಗಳಿಗೆ ಸೀಲಿಯಾಕ್ ಕಾಯಿಲೆ, ಅಂದರೆ ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟಿನ ಪ್ರೋಟೀನ್ ದೇಹಕ್ಕೆ ಆಗದ ಕಾಯಿಲೆ, ಎಂದು ಗೊತ್ತಾದ ಮೇಲೆ ಇಂಗ್ಲೆಂಡಿನ ನಮ್ಮ ಲೆಸ್ಟರ್ ಮನೆಯಲ್ಲಿ ಗೋಧಿ ಬಂದ್ ಆಯಿತು. ಬ್ರೆಡ್ ಮನೆಯಲ್ಲೇ ಮಾಡೋಣ ಅಂತ ಹೊರಟೆ. ಕೈಗೆ ಸಿಕ್ಕ ಹಳೆಯ ಅಡುಗೆ ಪುಸ್ತಕದಲ್ಲಿ, ಗೋಧಿಯಿಲ್ಲದ ಹಿಟ್ಟು ಅಂಟಿಕೊಳ್ಳಲು ಜೆಲಟಿನ್ ಪುಡಿ ಹಾಕಿ ಎಂದಿತ್ತು. ಅದು ದನ, ಹಂದಿಗಳ ಚರ್ಮ, ಮೂಳೆಯಿಂದ ತೆಗೆಯುವಂಥದ್ದು. ನಮಗೆ ಆಗದು.

ಮೊದಲು ಕಡಲಕಳೆಯಿಂದ ಮಾಡುವ ಚೈನಾ ಗ್ರಾಸ್ ಪುಡಿ ಹಾಕಿದೆ. ಕೊಯ್ದರೆ ಬ್ರೆಡ್ ಪುಡಿಪುಡಿ. ಚೈನಾ ಗ್ರಾಸ್ ಕುದಿದರೇ ಕರಗುವುದು, ತಣ್ಣಗಾದರೇ ಗಟ್ಟಿಯಾಗುವುದು. ಹಸಿ ಹಿಟ್ಟಿನಲ್ಲಿ ಸುಮ್ನೆ ಬಿದ್ದಿರುತ್ತದೆ. ಪುಡಿಂಗಿಗೆ ಸರಿ, ಬ್ರೆಡ್ಡಿಗಲ್ಲ.

ಆಗ ನೆನಪಾದದ್ದು ವಿಜಯಪುರದ ನಮ್ಮವ್ವನ ಜೋಳದ ರೊಟ್ಟಿ. ಜೋಳದಲ್ಲೂ ಗ್ಲುಟೆನ್ ಇಲ್ಲ ಅಲ್ವಾ? ಇಲ್ಲಿಯವರು ಅಂಥ ಹಿಟ್ಟಿಗೆ ಏನು ಬೆರೆಸಬೇಕು ಎಂದು ಹುಡುಕುತ್ತಾರೆ. ಅವ್ವ ಏನೂ ಬೆರೆಸುತ್ತಿರಲಿಲ್ಲ. ಹಿಟ್ಟಿನ ನಡುವೆ ಗುಣಿ ಮಾಡಿ ಕುದಿಯುವ ಎಸರು ಸುರಿಯುತ್ತಿದ್ದಳು. ಕೈ ಸುಡುತ್ತಿದ್ದಾಗಲೇ ಅಂಗೈಯ ಬುಡದಿಂದ ತಿಕ್ಕಿ ತಿಕ್ಕಿ ನಾದುತ್ತಿದ್ದಳು. ಬಿಸಿಗೆ ಹಿಟ್ಟಿನ ಪಿಷ್ಟ ಉಬ್ಬಿ ಅಂಟಾಗುತ್ತದೆ. ಎಷ್ಟು ತೆಳ್ಳಗೆ ಬಡಿದರೂ ಅವಳ ರೊಟ್ಟಿಯ ಅಂಚು ಬಿರಿಯುತ್ತಿರಲಿಲ್ಲ.

ಆದರೆ ಬ್ರೆಡ್ ಉಬ್ಬಬೇಕು. ಒಳಗಿನ ಗಾಳಿ ಹಿಡಿದಿಡಲು ಎಸರೊಂದೇ ಸಾಲದು. ಅದಕ್ಕೆ ಸಿಕ್ಕಿದ್ದು ಇಸಬ್ಗೋಲ್. ಇಲ್ಲಿನ ಗುಜರಾತಿ ಅಂಗಡಿಗಳಲ್ಲಿ, ಮಲಬದ್ಧತೆಗೆ ಅಂತ ಮಾರುವ ಅದೇ ಹೊಟ್ಟು. 350 ಮಿ.ಲೀ. ನೀರಿಗೆ 20 ಗ್ರಾಂ ಹಾಕಿ ಹತ್ತು ನಿಮಿಷ ಬಿಟ್ಟರೆ ದಪ್ಪ ಲೋಳೆಯಾಗುತ್ತದೆ. ಅದಕ್ಕೆ 200 ಗ್ರಾಂ ಜೋಳದ ಹಿಟ್ಟು, 100 ಗ್ರಾಂ ಅಕ್ಕಿ ಹಿಟ್ಟು, ಯೀಸ್ಟ್, ಉಪ್ಪು, ಒಂದು ಚಮಚ ಸಕ್ಕರೆ. ಹಿಟ್ಟು ಎಳೆದರೆ ಸ್ವಲ್ಪ ಹಿಗ್ಗುತ್ತದೆ! ಬೆಂದ ಮೇಲೆ ಪೂರ್ತಿ ಆರುವವರೆಗೆ ಕೊಯ್ಯಬೇಡಿ, ಒಳಗೆ ಅಂಟಂಟಾಗಿರುತ್ತದೆ.

ಕೇಕಿಗೆ ನನ್ನ ಆಯ್ಕೆ ಅಗಸೆ. ಒಂದು ಚಮಚ ಪುಡಿಗೆ ಮೂರು ಚಮಚ ನೀರು. ಅಂಗಡಿಯಲ್ಲಿ ಸಿಗುವ ಗೌರ್ ಗಮ್ ಎಂಬ ಅಂಟುಪುಡಿ ಕೂಡ ನಮ್ಮ ಗೋರಿಕಾಯಿ ಬೀಜದ್ದೇ. ಜಾಸ್ತಿಯಾದರೆ ಬಾಯಲ್ಲಿ ಲೋಳೆ ಲೋಳೆ, ಹಾಗಾಗಿ ನನಗೆ ಅಷ್ಟು ಇಷ್ಟವಿಲ್ಲ. ಇವೆಲ್ಲ ಜೆಲಟಿನ್ನಿಗಿಂತ ಕಡಿಮೆ ಎಂದು ನನಗೆ ಒಮ್ಮೆಯೂ ಅನಿಸಿಲ್ಲ.

ನಾವು ಬಿಟ್ಟುಬಿಟ್ಟದ್ದು ಒಂದೇ, ಊರಿನ ಗಿರಣಿಯ ಜೋಳದ ಹಿಟ್ಟು. ಅವ್ವ ಪ್ರೀತಿಯಿಂದ ಕಟ್ಟಿ ಕಳಿಸುತ್ತಿದ್ದಳು. ಅದೇ ಕಲ್ಲಿನಲ್ಲಿ ಗೋಧಿಯನ್ನೂ ಬೀಸಿರುತ್ತಾರೆ, ಮಗಳ ಆರೋಗ್ಯ ಕೆಡಲು ಅಷ್ಟೇ ಸಾಕು. ಈಗ ಅವ್ವ ಜೋಳವನ್ನೇ ಆರಿಸಿ, ಹಸನು ಮಾಡಿ ಕಳಿಸುತ್ತಾಳೆ. ಇಲ್ಲಿ ನಾವೇ ಬೀಸಿಕೊಳ್ಳುತ್ತೇವೆ.