ಬ್ಲೂಸ್ ಹಾಡಿದ ಮನ್ಸೂರರು

ಕರ್ನಾಟಕದಲ್ಲಿ ಅತಿ ಹೆಚ್ಚು ಹಾಡು ಹಾಡಿದವರು ಯಾರು ಅಂತ ನನ್ನ ಹಾರ್ಡ್ ಡಿಸ್ಕನ್ನು ಕೇಳಿದರೆ ಅದು ಹೇಳುವ ಹೆಸರು ‘ಅನ್‌ನೋನ್ ಆರ್ಟಿಸ್ಟ್’. ಈ ಮಹಾನುಭಾವರು ಭಾವಗೀತೆ, ಭಜನೆ, ಲಾವಣಿ, ಡಿಸ್ಕೊ ಯಾವುದನ್ನೂ ಬಿಟ್ಟಿಲ್ಲ. ಎರಡನೇ ಸ್ಥಾನ ಒಂದು ವೆಬ್‌ಸೈಟಿಗೆ. ದಾವಣಗೆರೆಯ ಚೌಕಿಪೇಟೆ ಕಡೆ ಹೋಗಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಂಡು ಬರುತ್ತಿದ್ದ ಕಾಲದ ಆಸ್ತಿ ಅದು. ಗಾಯಕರ ಹೆಸರಿರಬೇಕಾದ ಜಾಗದಲ್ಲೆಲ್ಲ ಆ ವೆಬ್‌ಸೈಟಿನ ವಿಳಾಸವೇ ಇದೆ.

ಗೌರಿ ಹಬ್ಬಕ್ಕೆ ಬೆಂಗಳೂರಿಂದ ಬಂದ ಸೋದರಳಿಯ ಇದನ್ನು ನೋಡಿ, “ಮಾವ, ಇದು ಸಂಗ್ರಹ ಅಲ್ಲ, ತಿಪ್ಪೆ” ಅಂದ. ಕಡುಬು ತಿಂದ ಕೈ ತೊಳೆದುಕೊಂಡು ಲ್ಯಾಪ್‌ಟಾಪ್ ತೆಗೆದ.

ಮೊದಲು ಮ್ಯೂಸಿಕ್‌ಬ್ರೈನ್ಜ್ ಪಿಕಾರ್ಡ್ ಅನ್ನುವ ತಂತ್ರಾಂಶ ಹಾಕಿದ. ಫೈಲಿನ ಹೆಸರು ಏನೇ ಇರಲಿ, ಅದು ಹಾಡಿನ ಧ್ವನಿಯಿಂದಲೇ ಬೆರಳಚ್ಚು ತೆಗೆದು, ಇಂಥದ್ದೇ ಹಾಡು ಅಂತ ಹುಡುಕಿಕೊಡುತ್ತದೆ. ನಿಜಕ್ಕೂ ಒಳ್ಳೇ ಕೆಲಸ. ಆದರೆ ಆ ಬೆರಳಚ್ಚು ಮೊದಲೇ ಯಾರಾದರೂ ದಾಖಲು ಮಾಡಿಟ್ಟಿರಬೇಕು. ಅಪ್ಪನ ಕ್ಯಾಸೆಟ್‌ಗಳಿಂದ ಇಳಿಸಿಕೊಂಡ ಹಾಡುಗಳ ನಡುವೆ ನಮ್ಮಜ್ಜಿ ಕೆಮ್ಮಿದ್ದೂ ಇದೆ, ಹಾಲಿನವನು ಕೂಗಿದ್ದೂ ಇದೆ. ಅದನ್ನೆಲ್ಲ ಯಾವ ದೇಶದವರು ದಾಖಲು ಮಾಡಿರ್ತಾರೆ? ಆ ಹಾಡುಗಳು ಅನ್‌ನೋನ್ ಆರ್ಟಿಸ್ಟರ ಬಳಿಯೇ ಉಳಿದವು.

ಆಮೇಲೆ ಎಲ್ಲವನ್ನೂ ಸ್ಟ್ರೀಮಿಂಗ್ ಆ್ಯಪಿಗೆ ಸಾಗಿಸುವ ಕೆಲಸ. ಅಲ್ಲಿ ಹೊಂದಿಕೆ ನೋಡುವುದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಹೆಸರಿನಿಂದ. ಕನ್ನಡದ ಹೆಸರನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೀತಾರಲ್ವಾ, ಹಾಗಾಗಿ ಪಿ.ಬಿ. ಶ್ರೀನಿವಾಸ್ ಒಬ್ಬರೇ ಇದ್ದವರು ಐದಾರು ಜನವಾದರು. ಕೇಳಿದ್ದು ಕನ್ನಡದ ಜೋಗುಳ, ಸಿಕ್ಕಿದ್ದು ತೆಲುಗಿನ ಮದುವೆ ಹಾಡು. ಪಕ್ಕದಲ್ಲಿ ಹಸಿರು ಟಿಕ್ ಬೇರೆ.

ನಿಜವಾದ ತಮಾಷೆ ಪ್ರಕಾರದ ಕಾಲಮ್ಮಿನಲ್ಲಿತ್ತು, ಅಂದರೆ ಹಾಡು ಯಾವ ಬಗೆಯದು ಅಂತ ಬರೆಯುವ ಜಾಗದಲ್ಲಿ. ಎಂಪಿ3 ಫೈಲಿನೊಳಗೆ ಹಾಡಿನ ವಿವರ ಬರೆದಿಡುವ ಐಡಿ3 ಅನ್ನುವ ಚೀಟಿ ಇರುತ್ತದೆ. 1996ರಲ್ಲಿ ಬಂದ ಮೊದಲ ಆವೃತ್ತಿಯಲ್ಲಿ ಹಾಡಿನ ಹೆಸರಿಗೆ 30 ಅಕ್ಷರ, ಪ್ರಕಾರಕ್ಕೆ ಬರೀ 1 ಬೈಟ್. ಅಂದರೆ ಒಂದು ಸಂಖ್ಯೆ. ಪಟ್ಟಿಯಲ್ಲಿದ್ದ ಪ್ರಕಾರಗಳು 80. ಅದರಲ್ಲಿ ಯುರೋಪಿನ ಕುಣಿತದ ಪೋಲ್ಕಾ ಇದೆ, ಭಾವಗೀತೆ ಇಲ್ಲ. ಜಾನಪದವೂ ಇರಲಿಲ್ಲ, ಅದನ್ನು ಆಮೇಲೆ ವಿನ್ಯಾಂಪ್ ಅನ್ನುವ ಹಾಡು ನುಡಿಸುವ ತಂತ್ರಾಂಶದವರು ಸೇರಿಸಿದರು. ಪಟ್ಟಿ ಶುರುವಾಗುವುದು ಸೊನ್ನೆಯಿಂದ, ಸೊನ್ನೆ ಅಂದರೆ ಬ್ಲೂಸ್, ಅಮೆರಿಕದ ಕಪ್ಪು ಜನರ ಹಾಡಿನ ಶೈಲಿ. ಏನೂ ತುಂಬದೆ ಸೊನ್ನೆ ಉಳಿದ ಫೈಲುಗಳೆಲ್ಲ ಬ್ಲೂಸ್ ಖಾತೆಗೆ ಜಮಾ. ಹೀಗಾಗಿ ಅಪ್ಪನ ಪ್ರೀತಿಯ ಮಲ್ಲಿಕಾರ್ಜುನ ಮನ್ಸೂರರ ವಚನಗಾಯನ ನಮ್ಮನೆಯಲ್ಲಿ ಅಮೆರಿಕದ ಬ್ಲೂಸ್ ಆಯಿತು.

“ಬ್ಲೂಸ್ ಇದ್ದರೆ ರಾತ್ರಿಗೆ ಚೆನ್ನಾಗಿರುತ್ತೆ” ಅಂತ ಅಳಿಯ ಒಂದು ನಿಯಮ ಬರೆದ. ರಾತ್ರಿ 9:30 ಆದ ಕೂಡಲೇ, ಫೋನಿಗೆ ಯಾವ ಸ್ಪೀಕರ್ ಸಿಕ್ಕಿದ್ದರೂ ಸರಿ, ಬ್ಲೂಸ್ ಪಟ್ಟಿ ತಾನೇ ಶುರುವಾಗಬೇಕು. ಮನೆಯಲ್ಲಿ ಚೆನ್ನಾಗೇ ನಡೀತು. ಅಪ್ಪ ಅಂತೂ ಯಂತ್ರಕ್ಕೂ ಸಂಸ್ಕಾರ ಇದೆ ಅಂತ ಹೊಗಳಿದರು.

ಗಣಪತಿ ಬಿಡುವ ದಿನ ಬೀದಿಯ ಹುಡುಗರು ಓಡಿ ಬಂದರು. ಅವರ ಫೋನಿನ ಚಾರ್ಜ್ ಮುಗಿದಿತ್ತು. “ಅಂಕಲ್, ಬ್ಲೂಟೂತಿಗೆ ನಿಮ್ಮ ಫೋನ್ ಕೊಡ್ರಿ.” ಅಳಿಯನೇ ಖುಷಿಯಿಂದ ಜೋಡಿಸಿಕೊಟ್ಟ. ಹತ್ತು ಗಂಟೆಗೆ ಧ್ವನಿವರ್ಧಕ ನಿಲ್ಲಿಸಲೇಬೇಕು, ಹಾಗಾಗಿ ಕೊನೆಯ ಅರ್ಧ ಗಂಟೆಗೆ ಅಂತ ಜೋರು ಹಾಡುಗಳನ್ನೆಲ್ಲ ಉಳಿಸಿಟ್ಟಿದ್ದರು. ಟೊಂಕಕ್ಕೆ ಟವೆಲ್ ಕಟ್ಟಿ ಕುಣಿಯುತ್ತಿದ್ದಾರೆ, ಗುಲಾಲು ಹಾರುತ್ತಿದೆ. ಸರಿಯಾಗಿ 9:30ಕ್ಕೆ ಆಳೆತ್ತರದ ಸ್ಪೀಕರಿನಿಂದ ತಂಬೂರಿ ಕೇಳಿತು. ಹಿಂದೆಯೇ ಮನ್ಸೂರರ ಆಲಾಪ. ಎತ್ತಿದ ಕೈ ಎತ್ತಿದಂತೆಯೇ ಹುಡುಗರು ನಿಂತುಬಿಟ್ಟರು. ಮಂಗಳಾರತಿ ಅಂದುಕೊಂಡು ಒಬ್ಬ ಕೈ ಮುಗಿದ. ಅವನನ್ನು ನೋಡಿ ಉಳಿದವರೂ ಮುಗಿದರು. ಟ್ರ್ಯಾಕ್ಟರ್ ಓಡಿಸುತ್ತಿದ್ದವನು ಎಂಜಿನ್ ಆಫ್ ಮಾಡಿದ. ಅಜ್ಜಿಯ ಕೆಮ್ಮು ಬಂದಾಗ ಮಾತ್ರ ಗುಂಪಿನಲ್ಲಿ ಸ್ವಲ್ಪ ಗೊಂದಲವಾಯಿತು. ಕಟ್ಟೆ ಮೇಲೆ ಕೂತಿದ್ದ ಅಪ್ಪ, “ಯಾರೂ ಮುಟ್ಟಬೇಡ್ರೋ, ಈಗ ಬರೋ ತಾನ ಕೇಳ್ರಿ” ಅಂತ ಕೂಗಿದರು.

ಅಳಿಯ ಸೋಲು ಒಪ್ಪುವ ಪೈಕಿ ಅಲ್ಲ. ಅವತ್ತು ರಾತ್ರಿಯೇ ಇನ್ನೊಂದು ನಿಯಮ ಸೇರಿಸಿದ. ಪೆಂಡಾಲಿನ ಸುತ್ತ ನಕ್ಷೆಯಲ್ಲಿ ಒಂದು ವೃತ್ತ. ಅದರೊಳಗೆ ನನ್ನ ಫೋನ್ ಬಂದರೆ ಹಾಡು ಬಂದ್. ತೀರಾ ಚಿಕ್ಕ ವೃತ್ತ ಫೋನಿಗೆ ಸರಿಯಾಗಿ ಗೊತ್ತಾಗಲ್ಲವಂತೆ, ಅದಕ್ಕೆ 150 ಮೀಟರ್ ಇಟ್ಟ. ಪೆಂಡಾಲ್ ಹಾಕಿದ್ದು ನಮ್ಮನೆ ಎದುರಿಗೇ.

ಗಣಪತಿ ನೀರಿಗೆ ಹೋದ, ಪೆಂಡಾಲ್ ಬಿಚ್ಚಿದರು, ಅಳಿಯ ಬೆಂಗಳೂರು ಸೇರಿದ. ವೃತ್ತ ಮಾತ್ರ ಹಾಗೇ ಇದೆ. ಫೋನ್ ಮಾಡಿದರೆ, “ನೀವೇನೂ ಮುಟ್ಟಬೇಡಿ ಮಾವ, ದೀಪಾವಳಿಗೆ ಬಂದು ಸರಿ ಮಾಡ್ತೀನಿ” ಅಂತಾನೆ. ಸದ್ಯಕ್ಕೆ ನನ್ನ ಫೋನ್ ಬಾಯಿ ಬಿಡುವುದು ಮೂಲೆಯ ಮಂಡಕ್ಕಿ–ಮೆಣಸಿನಕಾಯಿ ಅಂಗಡಿ ದಾಟಿದ ಮೇಲೆ. ಒಂದು ಪೂರ್ತಿ ಹಾಡು ಕೇಳಬೇಕಾದರೆ ಅಲ್ಲೇ ನಿಲ್ಲಬೇಕು, ಸುಮ್ನೆ ನಿಂತರೆ ಅಂಗಡಿಯವನು ಏನಂದುಕೊಳ್ಳಲ್ಲ ಹೇಳಿ? ತೂಕ ಜಾಸ್ತಿಯಾಗಿದ್ದಕ್ಕೆ ಪ್ಲೇಲಿಸ್ಟೇ ಕಾರಣ ಅಂದರೆ ಹೆಂಡತಿ ನಂಬುತ್ತಿಲ್ಲ.