ಸ್ಪಷ್ಟನೆ: ರಾಪಾಮೈಸಿನ್ ಟಿ-ಕೋಶಗಳನ್ನು ಚುರುಕುಗೊಳಿಸುವುದಿಲ್ಲ
‘ಮಣ್ಣಿನಲ್ಲಿ ಸಿಕ್ಕ ನೈಸರ್ಗಿಕ ಆ್ಯಂಟಿಬಯಾಟಿಕ್ ರಾಪಾಮೈಸಿನ್ ಟಿ-ಕೋಶಗಳನ್ನು ಚುರುಕುಗೊಳಿಸುತ್ತದೆ’ ಎಂಬ ಸಂದೇಶ ಹರಿದಾಡುತ್ತಿದೆ. (ಟಿ-ಕೋಶವೆಂದರೆ ದೇಹದ ರಕ್ಷಣೆಗೆ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ.) ಮಣ್ಣಿನ ಮಾತು ನಿಜ. ಈಸ್ಟರ್ ದ್ವೀಪದ ಮಣ್ಣಿನ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾ ಇದನ್ನು ತಯಾರಿಸುತ್ತದೆ. ಆದರೆ ಇದರ ಏಟು ಶಿಲೀಂಧ್ರಗಳಿಗೆ, ಬ್ಯಾಕ್ಟೀರಿಯಾಗಳಿಗಲ್ಲ.

ಉಳಿದದ್ದು ಪೂರ್ತಿ ತಲೆಕೆಳಗು. ರಾಪಾಮೈಸಿನ್ ಕೋಶದೊಳಗಿನ ಎಫ್‌ಕೆಬಿಪಿ12 ಪ್ರೋಟೀನಿಗೆ ಅಂಟಿಕೊಂಡು, ಕೋಶದ ಬೆಳವಣಿಗೆ ನಡೆಸುವ ಎಂಟಾರ್ ಕಿಣ್ವವನ್ನು ತಡೆಯುತ್ತದೆ. ಆಗ ಟಿ-ಕೋಶ, ‘ವಿಭಜನೆಯಾಗು’ ಎನ್ನುವ ಐಎಲ್-2 ಸಂಕೇತಕ್ಕೆ ಓಗೊಡಲಾರದೆ, ವಿಭಜನೆಯಾಗದೆ ಅದಕ್ಕೆ ಮುಂಚಿನ ಜಿ1 ಹಂತದಲ್ಲೇ ನಿಲ್ಲುತ್ತದೆ.

ಕಸಿ ಮಾಡಿದ ಕಿಡ್ನಿಯನ್ನು ದೇಹ ತಿರಸ್ಕರಿಸದಿರಲೆಂದು 1999ರಲ್ಲಿ ಅಮೆರಿಕ ಇದಕ್ಕೆ, ಸಿರೊಲಿಮಸ್ ಹೆಸರಿನಲ್ಲಿ, ಅನುಮತಿ ಕೊಟ್ಟದ್ದು ಈ ಗುಣಕ್ಕಾಗಿಯೇ. ಸ್ವಂತಕ್ಕೆ ನುಂಗಿದರೆ ಸೋಂಕು, ಬಾಯಿಹುಣ್ಣು, ಬೇಗ ಮಾಯದ ಗಾಯ, ಕೊಲೆಸ್ಟ್ರಾಲ್ ಏರಿಕೆ ಕಾಡಬಹುದು. ಕ್ಲಾರಿಥ್ರೊಮೈಸಿನ್ ಎಂಬ ಆ್ಯಂಟಿಬಯಾಟಿಕ್ ಜೊತೆಯಾದರೆ ರಕ್ತದಲ್ಲಿ ಇದರ ಮಟ್ಟ ಇನ್ನೂ ಏರುತ್ತದೆ.